ಕೂಡುಬಂಡೆಯಲ್ಲಿ ಪ್ರಶ್ನೆ ನಿಂತ ಬೇಸಿಗೆ

ನನ್ನ ಹಳೆಯ ದಿನಚರಿಯಲ್ಲಿ ೧೯೮೧ನೇ ಇಸವಿ ಮಾರ್ಚ್ ೧೭, ಮಂಗಳವಾರದ ಪುಟದಲ್ಲಿ ಹೀಗೆ ಬರೆದಿದೆ: "ಮಧ್ಯಾಹ್ನ ಮನೆಯ ಮಕ್ಕಳಿಗೆಲ್ಲ ಕೂಡುಬಂಡೆಯ ಕಥೆ ಹೇಳಿದೆ. ಮಾತಿಗೊಂದು ಪ್ರಶ್ನೆ. ಹಂದಿಗೆ ಹೆಸರು ಯಾರಿಟ್ಟರು, ಆಮೆಗೆ ಹಲ್ಲಿದೆಯೇ, ನರಿ ಚಡ್ಡಿ ಹಾಕುತ್ತದೆಯೇ. ಸಾಕುಸಾಕಾಯಿತು. ಆದರೂ ಎಲ್ಲಕ್ಕೂ ಉತ್ತರ ಕೊಟ್ಟೆ. ಏಕೆ ಕೊಟ್ಟೆ ಎಂಬುದು ಕಥೆಯಲ್ಲಿಯೇ ಇದೆ." ಆ ಕಥೆ ಇದು.

ಒಂದು ಕಾಡಿನಲ್ಲಿ ಒಂದು ಹಳ್ಳ ಹರಿಯುತ್ತಿತ್ತು. ಹಳ್ಳದ ದಂಡೆಯಲ್ಲಿ ಆನೆಯ ಬೆನ್ನಿನಂಥ ದೊಡ್ಡ ಬಂಡೆಯಿತ್ತು. ಒಂದು ವರ್ಷ ಕಾಡಿಗೆ ಬೆಂಕಿ ಬಿತ್ತು. ದಿಕ್ಕುದಿಕ್ಕಿನಿಂದ ಪ್ರಾಣಿಗಳು ಓಡಿಬಂದು ಆ ಬಂಡೆಯ ಮೇಲೆ ಮೈಗೆ ಮೈ ತಾಗಿಸಿ ನಿಂತು ಜೀವ ಉಳಿಸಿಕೊಂಡವು. ಬೆಂಕಿ ಆರಿತು. ಆದರೆ ಯಾರೂ ಹಿಂದಿರುಗಲಿಲ್ಲ. "ಒಟ್ಟಿಗೆ ಉಳಿದೆವು, ಒಟ್ಟಿಗೇ ಇರೋಣ" ಎಂದು ಮಾತಾಡಿಕೊಂಡವು. ಹಂದಿ, ಜಿಂಕೆ, ಮೊಲ, ಮುಸುವ, ನವಿಲು, ಆಮೆ ಎಲ್ಲವೂ ಅಲ್ಲಿಯೇ ನೆಲೆ ನಿಂತವು. ಅಂದಿನಿಂದ ಆ ಜಾಗಕ್ಕೆ ಕೂಡುಬಂಡೆ ಎಂದು ಹೆಸರಾಯಿತು.

ಕೂಡುಬಂಡೆಯಲ್ಲಿ ಮರಿಗಳನ್ನು ಕೂರಿಸಿ ಯಾರೂ ಪಾಠ ಹೇಳುತ್ತಿರಲಿಲ್ಲ. ಅಲ್ಲಿನ ಕಟ್ಟಳೆಯೇ ಬೇರೆ. ಮರಿ ತನಗೆ ಬೇಕಾದವರ ಹಿಂದೆ ನಡೆಯಬಹುದು. ಬೇಕಾದ್ದನ್ನು ಕೇಳಬಹುದು. ಕೇಳಿಸಿಕೊಂಡವರು ಕೆಲಸ ನಿಲ್ಲಿಸಿ ಉತ್ತರ ಕೊಡಬೇಕು. ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ನೋಡೋಣ ಬಾ" ಎನ್ನಬೇಕು. ಹೀಗೆ ಮೊಲದ ಮರಿ ಮುಸುವನ ಹಿಂದೆ ಅಲೆದು ಯಾವ ಮರದ ಹಣ್ಣು ಯಾವಾಗ ಉದುರುತ್ತದೆ ಎಂದು ತಿಳಿಯುತ್ತಿತ್ತು. ಮುಸುವನ ಮರಿ ಜಿಂಕೆಯ ಹಿಂದೆ ಅಲೆದು ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡಲು ಕಲಿಯುತ್ತಿತ್ತು. ಕಲಿಯಲು ವಯಸ್ಸಿನ ಹಂಗೂ ಇರಲಿಲ್ಲ. ಎಲ್ಲರಿಗಿಂತ ಹಿರಿಯನಾದ ಚಿಪ್ಪಜ್ಜನೆಂಬ ಆಮೆ ನವಿಲಿನ ಮರಿಗಳ ಹಿಂದೆ ತೆವಳುತ್ತಾ ಹಕ್ಕಿಗಳ ಕೂಗನ್ನು ಗುರುತಿಸಲು ಕಲಿಯುತ್ತಿದ್ದ. ಶುರುಮಾಡಿ ಬಹಳ ವರ್ಷಗಳಾಗಿದ್ದವು. ಇನ್ನೂ ಗೂಬೆಯ ಕೂಗಿಗೂ ಕೆಂಬೂತದ ಕೂಗಿಗೂ ವ್ಯತ್ಯಾಸ ತಿಳಿದಿರಲಿಲ್ಲ. "ಅವಸರ ಏನಿದೆ?" ಎನ್ನುತ್ತಿದ್ದ.

ಕೇಳುವುದಕ್ಕೆ ಈ ಕಟ್ಟಳೆ ಬಹಳ ಚೆನ್ನಾಗಿದೆ. ಅದರೊಡನೆ ದಿನಾ ಬಾಳುವವರನ್ನು ಕೇಳಬೇಕು.

ತುಂಗಜ್ಜಿಯನ್ನು ಕೇಳಬೇಕು. ತುಂಗಜ್ಜಿ ಕಾಡುಹಂದಿಗಳ ಹಿಂಡಿಗೆ ಹಿರಿಯಳು. ತುಂಗೆಗಡ್ಡೆ ಕಂಡರೆ ಅವಳಿಗೆ ಪ್ರಾಣ, ಅದಕ್ಕೇ ಆ ಹೆಸರು. ಬೇಸಿಗೆಯಲ್ಲಿ ಹಳ್ಳ ಒಣಗಿ ಬರೀ ಮರಳಾದಾಗ ಇಡೀ ಕೂಡುಬಂಡೆಗೆ ನೀರು ಕುಡಿಸುತ್ತಿದ್ದವಳು ಅವಳೇ. ಮೂತಿ ಕೆಳಗೆ ಮಾಡಿ ಮರಳಿನ ಮೇಲೆ ನಡೆಯುತ್ತಿದ್ದಳು. ಒಂದು ಕಡೆ ನಿಲ್ಲುತ್ತಿದ್ದಳು. ಅಗೆಯುತ್ತಿದ್ದಳು. ಗುಂಡಿಯಲ್ಲಿ ಮೆಲ್ಲನೆ ನೀರು ಒಸರುತ್ತಿತ್ತು. ಆ ಒರತೆಯ ಸುತ್ತ ಎಲ್ಲ ಪ್ರಾಣಿಗಳೂ ಸಾಲುಗಟ್ಟುತ್ತಿದ್ದವು. ತುಂಗಜ್ಜಿ ದೂರ ನಿಂತು ಬಾಲ ಕೊಡವುತ್ತಿದ್ದಳು. ಆ ಹೊತ್ತಿನಲ್ಲಿ ಅವಳ ಜಂಬ ನೋಡಬೇಕಿತ್ತು.

ಆದರೆ ಹಿಂದಿನ ಬೇಸಿಗೆಯಿಂದ ಅವಳ ಮೂಗು ಮಂದವಾಗುತ್ತಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವ ಹೆಂಗಸೂ ಅಲ್ಲ. ಮುಂದಿನ ಕಡುಬೇಸಿಗೆ ಬರುವುದರೊಳಗೆ ಯಾರಾದರೂ ಒರತೆ ಹುಡುಕಲು ಕಲಿಯಬೇಕಿತ್ತು. ಇಲ್ಲದಿದ್ದರೆ ಕೂಡುಬಂಡೆಗೆ ನೀರಿಲ್ಲ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಲಿಯಲು ಒಂದು ಮರಿ ಅವಳ ಹಿಂದೆ ಬೀಳಲೂ ಬಿದ್ದಿತ್ತು. ಅದೇ ತೊಂದರೆಯಾಗಿತ್ತು.

ಆ ಮರಿ ಅವಳ ಮೊಮ್ಮಗಳೇ. ದೀಪಾವಳಿಯ ಹೊತ್ತಿಗೆ ಹುಟ್ಟಿದವಳು. ಮೈತುಂಬ ಹಳದಿ ಪಟ್ಟೆಗಳಿದ್ದುದರಿಂದ ಎಲ್ಲರೂ ಪಟ್ಟೆ ಎಂದು ಕರೆಯುತ್ತಿದ್ದರು. ಸಂಕ್ರಾಂತಿ ಕಳೆದು ಹಳ್ಳದ ಮೇಲ್ಭಾಗ ಒಣಗತೊಡಗಿದಾಗ ಅಜ್ಜಿಯ ಹಿಂದೆ ಅವಳೂ ಮರಳಿಗಿಳಿದಳು.

"ಅಜ್ಜೀ, ಇಲ್ಲೇ ಯಾಕೆ ಅಗೀತೀಯ?"

"ಮೂಗು ಹೇಳ್ತು, ಅಗೀತೀನಿ."

"ಮೂಗು ಏನಂತ ಹೇಳ್ತು?"

"ಅಗಿ ಅಂತ ಹೇಳ್ತು!"

"ನನ್ನ ಮೂಗು ಯಾಕೆ ಏನೂ ಹೇಳಲ್ಲ?"

"ನಿನ್ನ ಬಾಯಿ ಒಂದು ಗಳಿಗೆ ಮುಚ್ಚಿದ್ರೆ ತಾನೇ ಮೂಗು ಮಾತಾಡೋದು?"

ಪಟ್ಟೆ ಬಾಯಿ ಮುಚ್ಚುತ್ತಿದ್ದಳು. ಉಸಿರೂ ಬಿಗಿಹಿಡಿಯುತ್ತಿದ್ದಳು. ಮರುಗಳಿಗೆ ಮತ್ತೆ ಶುರು. "ಅಜ್ಜೀ, ಇಲ್ಲಿ ಏಡಿ ಬಿಲ ಇದೆ. ಅದಕ್ಕಾ ಇಲ್ಲಿ ಅಗಿಯೋದು?"

"ಹೂಂ, ಅದಕ್ಕೇ, ಅದಕ್ಕೇ. ಈಚೆ ಸರಿ."

"ಅಲ್ಲಿ ಮರಳು ಸ್ವಲ್ಪ ಕಪ್ಪಗಿದೆ. ಅಲ್ಲೂ ನೀರಿರುತ್ತಾ?"

"ಇರುತ್ತೆ. ನಿನ್ನ ತಲೆ ಒಳಗೂ ಇರುತ್ತೆ. ಸುಮ್ನಿರು ಮಾರಾಯ್ತಿ!"

ತುಂಗಜ್ಜಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಕಟ್ಟಳೆಯ ಪ್ರಕಾರ ಪ್ರತಿ ಪ್ರಶ್ನೆಗೂ ನಿಲ್ಲಬೇಕು, ಮೂತಿ ಎತ್ತಬೇಕು, ತೋರಿಸಿದ ಕಡೆ ನೋಡಬೇಕು. ಅರ್ಧ ಗಳಿಗೆಯ ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಎಲ್ಲ ದೊಡ್ಡವರ ಪಾಡೂ ಅದೇ. ಬೊಟ್ಟಮ್ಮನೆಂಬ ಜಿಂಕೆಗೆ ಒಂದು ತುತ್ತು ಹುಲ್ಲನ್ನು ನೆಮ್ಮದಿಯಾಗಿ ನುಂಗಲು ಆಗುತ್ತಿರಲಿಲ್ಲ. "ನುಂಗಿದ್ದನ್ನ ಮತ್ತೆ ಯಾಕೆ ಬಾಯಿಗೆ ತರ್ತೀಯ ಬೊಟ್ಟಮ್ಮತ್ತೆ?" ಎಂದು ಮೊಲದ ಮರಿಗಳು ಎದುರಿಗೇ ಕೂತು ಕೇಳುತ್ತಿದ್ದವು.

ಇಂಥ ಸಮಯಕ್ಕೆ ಸರಿಯಾಗಿ ಕೆಂಚರಾಯ ಬಂದ.

ಕೆಂಚರಾಯ ಒಂದು ನರಿ. ಊರಂಚಿನ ಕಡೆಯಿಂದ ಬಂದವನು. ಬಾಲವನ್ನು ಬಹಳ ನೀಟಾಗಿ ಇಟ್ಟುಕೊಂಡಿದ್ದ. ಬಂಡೆಯ ನೆರಳಿನಲ್ಲಿ ಕೂತು, ಬಾಲವನ್ನು ಕಾಲ ಮೇಲೆ ಶಾಲಿನಂತೆ ಹೊದ್ದು, ಮೆತ್ತಗೆ ಕೆಮ್ಮಿದ.

"ಇಲ್ಲಿ ಮಕ್ಕಳನ್ನ ನೋಡಿ ಕರುಳು ಚುರ್ ಅಂತು. ಹೀಗೆ ಬೀದಿ ಬಸವರ ಹಾಗೆ ಅಲೆದುಕೊಂಡಿದ್ದರೆ ಮುಂದೆ ಗತಿ ಏನು? ನಾನು ಊರಿನ ಶಾಲೆಯ ಹಿತ್ತಲಲ್ಲಿ ಬಹಳ ಕಾಲ ಇದ್ದವನು. ಅಲ್ಲಿ ಎಲ್ಲವನ್ನೂ ಕೇಳಿದ್ದೇನೆ. ಬೆಳಗ್ಗೆ ಮಕ್ಕಳನ್ನ ನನ್ನ ಹತ್ತಿರ ಬಿಡಿ. ಸಂಜೆ ಕರೆದುಕೊಂಡು ಹೋಗಿ. ಬರುವಾಗ ಒಂದೊಂದು ಮರಿ ಒಂದೊಂದು ಹಣ್ಣೋ ಏಡಿಯೋ ತಂದರೆ ಸಾಕು. ನನಗೇನೂ ಆಸೆಯಿಲ್ಲ."

ಶಾಲೆಯ ಹಿತ್ತಲಲ್ಲಿ ಅವನು ಇದ್ದದ್ದು ನಿಜ. ಮಕ್ಕಳು ಬುತ್ತಿ ತಿಂದು ಎಸೆದ ರೊಟ್ಟಿಯ ಚೂರಿಗಾಗಿ ಇದ್ದ. ಮಲಗಿದಲ್ಲಿಗೆ ಕೇಳಿಸಿದ್ದು ಒಂದೇ: ಒಬ್ಬರು ಹೇಳುವುದು, ಎಲ್ಲರೂ ಕೂಗುವುದು. ಅವನ ವಿದ್ಯೆ ಅಷ್ಟೇ.

"ಬೆಳಗ್ಗೆಯಿಂದ ಸಂಜೆವರೆಗೂ?" ಎಂದು ಬೊಟ್ಟಮ್ಮ ಕಣ್ಣರಳಿಸಿ ಕೇಳಿದಳು.

"ಬೆಳಗ್ಗೆಯಿಂದ ಸಂಜೆವರೆಗೂ, ತಾಯಿ."

ಎಲ್ಲರಿಗಿಂತ ಮೊದಲು ಒಪ್ಪಿದವಳು ತುಂಗಜ್ಜಿ. "ನಾಳೆಯಿಂದ ಯಾಕೆ? ಈಗಲೇ ಕರ್ಕೊಂಡು ಹೋಗಿ" ಎಂದಳು.

ಚಿಪ್ಪಜ್ಜ ಮಾತ್ರ ಕತ್ತು ಹೊರಗೆ ಹಾಕಿದ. "ಮರಿಗಳೆಲ್ಲ ಅಲ್ಲಿ ಕೂತರೆ ನಾನು ಯಾರ ಹತ್ತಿರ ಕಲೀಲಿ?"

"ನಿನಗೆ ಕಲಿಯೋ ವಯಸ್ಸೇನಜ್ಜ?" ಎಂದು ಎಲ್ಲರೂ ನಕ್ಕರು. ತುಂಗಜ್ಜಿಯೂ ನಕ್ಕಳು.

ಕೆಂಚರಾಯ ಮತ್ತಿಮರದ ಕೆಳಗೆ ಮರಿಗಳನ್ನು ಸಾಲಾಗಿ ಕೂರಿಸಿದ. ಚಿಕ್ಕವರು ಒಂದು ಸಾಲು, ಸ್ವಲ್ಪ ದೊಡ್ಡವರು ಇನ್ನೊಂದು ಸಾಲು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಚಿಪ್ಪಜ್ಜ ಕೊನೆಯ ಸಾಲಿನಲ್ಲಿ ಕೂರಲು ಹೋದ. ಅವನನ್ನು ಮಾಸ್ತರರು ಮೂತಿಯಿಂದ ತಳ್ಳಿ ಆಚೆ ಹಾಕಿದರು.

"ನೋಡಿ ಮಕ್ಕಳೇ, ನಾನು ಏನು ಹೇಳ್ತೀನೋ ಅದನ್ನೇ ಹೇಳಬೇಕು. ಹೆಚ್ಚು ಬೇಡ, ಕಡಿಮೆ ಬೇಡ. ನಾನು ಎಲ್ಲಿ ಹೆಜ್ಜೆ ಇಡ್ತೀನೋ ಅಲ್ಲೇ ಹೆಜ್ಜೆ ಇಡಬೇಕು. ಪ್ರಶ್ನೆ ಕೇಳಿದವರಿಗೆ ಬಿಸಿಲಲ್ಲಿ ಒಂಟಿ ಕಾಲು. ತಿಳೀತೇ?"

"ತಿಳೀತೇ?" ಎಂದು ಮರಿಗಳು ಕೂಗಿದವು.

ಕೆಂಚರಾಯನಿಗೆ ಬಹಳ ಸಂತೋಷವಾಯಿತು.

ಪಾಠಕ್ಕೆ ವಿಷಯ ಬೇಕಲ್ಲ. ದೊಡ್ಡವರು ಆಡುವ ಮಾತನ್ನು ಅಲ್ಲಿ ಇಲ್ಲಿ ಕದ್ದು ಕೇಳಿ ಅದನ್ನೇ ಪಾಠ ಮಾಡಿದ. "ಮರಳಿನ ಕೆಳಗೆ ನೀರಿದೆ." "ಮರಳಿನ ಕೆಳಗೆ ನೀರಿದೆ!" "ಗಾಳಿಗೆ ಎದುರು ನಿಲ್ಲಬೇಕು." "ಗಾಳಿಗೆ ಎದುರು ನಿಲ್ಲಬೇಕು!" ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಅವನೂ ನೋಡಲಿಲ್ಲ, ಮರಿಗಳೂ ನೋಡಲಿಲ್ಲ. ಮರಿಗಳು ತಂದ ಹಣ್ಣು, ಏಡಿ ತಿಂದು ಮಾಸ್ತರರು ಮಧ್ಯಾಹ್ನ ನಿದ್ದೆ ಮಾಡುತ್ತಿದ್ದರು. ಆಗ ಗೊರಕೆಯ ಪಾಠ ನಡೆಯುತ್ತಿತ್ತು. ಮರಿಗಳು ಅದನ್ನೂ ಬಿಡದೆ ಹೇಳುತ್ತಿದ್ದವು.

ತಾಯಂದಿರು ಹಿಗ್ಗಿದರು. "ನಮ್ಮ ಹುಡುಗಿ ಹುಲಿಯ ಲಕ್ಷಣಗಳನ್ನ ಒಂದೇ ಉಸಿರಿಗೆ ಹೇಳ್ತಾಳೆ ತುಂಗಜ್ಜೀ" ಎಂದು ಬೊಟ್ಟಮ್ಮ ದಿನಾ ಬಂದು ಹೇಳುತ್ತಿದ್ದಳು.

"ಹುಲಿ ಬಂದಾಗ ಒಂದೇ ಉಸಿರಿಗೆ ಓಡಿದ್ರೆ ಸಾಕು" ಎಂದು ತುಂಗಜ್ಜಿ ಗೊಣಗುತ್ತಿದ್ದಳು. ಆದರೂ ಅವಳಿಗೂ ಹಾಯೆನಿಸಿತ್ತು. ಕಿವಿಗೆ ತಂಪು. ತುಂಗೆಗಡ್ಡೆ ಒಂದೊಂದನ್ನೇ ಕಟಕಟ ಕಡಿದು ತಿನ್ನಬಹುದಿತ್ತು. ಯಾರೂ ಬಂದು "ಕಟಕಟ ಯಾಕೆ?" ಎಂದು ಕೇಳುತ್ತಿರಲಿಲ್ಲ. ಒಂದು ಸಂಜೆ ಅವಳು ಪಟ್ಟೆಯನ್ನು ಕರೆದು, "ಇವತ್ತು ಏನು ನೋಡಿದೆ?" ಎಂದು ಕೇಳಿದಳು. ಪಟ್ಟೆ ನೆಟ್ಟಗೆ ನಿಂತು, "ಮುಂದಿನ ಸಾಲಿನ ಬೆನ್ನು" ಎಂದಳು. ತುಂಗಜ್ಜಿಗೆ ಅದೇಕೋ ಗಡ್ಡೆ ರುಚಿಸಲಿಲ್ಲ.

ಯುಗಾದಿ ಕಳೆಯಿತು. ಬಿಸಿಲು ಏರಿತು. ಹಳ್ಳ ಪೂರ್ತಿ ಒಣಗಿತು. ಬಂಡೆಯ ಹೊಂಡದಲ್ಲಿ ಉಳಿದಿದ್ದ ನೀರು ಪಾಚಿಗಟ್ಟಿ ತಳ ಕಂಡಿತು. ಎಲ್ಲರೂ ತುಂಗಜ್ಜಿಯ ಕಡೆ ನೋಡಿದರು.

ತುಂಗಜ್ಜಿ ಮರಳಿಗೆ ಇಳಿದಳು. ಮೂತಿ ಕೆಳಗೆ ಮಾಡಿ ನಡೆದಳು. ಮೂಗು ಏನೂ ಹೇಳಲಿಲ್ಲ. ಒಂದು ಕಡೆ ಅಗೆದಳು. ಒಣಮರಳು. ಇನ್ನೊಂದು ಕಡೆ ಅಗೆದಳು. ಕಲ್ಲು. ಸಂಜೆಯವರೆಗೂ ಅಗೆದಳು. ಹಳ್ಳದ ತುಂಬ ಗುಂಡಿಗಳಾದವು. ಒಂದರಲ್ಲೂ ಹನಿ ನೀರಿಲ್ಲ. ಆಗ ಅವಳಿಗೆ ಹೊಳೆಯಿತು. ಸಂಕ್ರಾಂತಿಯ ನಂತರ ಅಗೆದ ಒರತೆಗಳೆಲ್ಲ ಪಟ್ಟೆ "ಇದಕ್ಕಾ? ಅದಕ್ಕಾ?" ಎಂದು ತೋರಿಸಿದ ಜಾಗಗಳೇ. ತಾನು ಬೇಸತ್ತು "ಹೂಂ ಹೂಂ" ಎಂದು ಅಲ್ಲೇ ಅಗೆದಿದ್ದಳು. ನೀರು ಬಂದಾಗ ತನ್ನ ಮೂಗನ್ನು ತಾನೇ ಮೆಚ್ಚಿಕೊಂಡಿದ್ದಳು. ಕಾಟ ಎಂದುಕೊಂಡದ್ದು ಕಣ್ಣಾಗಿತ್ತು.

ಮೂರನೆಯ ದಿನ ನವಿಲಿನ ಸಂಸಾರ ಹೊರಟು ನಿಂತಿತು. "ಮರಿಗಳ ಗಂಟಲು ಒಣಗಿದೆ. ಎಲ್ಲಾದರೂ ಹೊಳೆ ಸಿಗುತ್ತೇನೋ ನೋಡ್ತೀವಿ" ಎಂದು ಗಂಡು ನವಿಲು ಹೇಳಿತು. ಯಾರೂ ಇರಿ ಎನ್ನಲಿಲ್ಲ. ಏನು ಕೊಟ್ಟು ಇರಿಸಿಕೊಳ್ಳಬೇಕು?

ತುಂಗಜ್ಜಿ ನೇರವಾಗಿ ಮತ್ತಿಮರದ ಕೆಳಗೆ ನಡೆದಳು.

"ಪಾಠದ ನಡುವೆ ದೊಡ್ಡವರು ಬರಕೂಡದು" ಎಂದ ಕೆಂಚರಾಯ.

"ಬರಕೂಡದು!" ಎಂದವು ಮರಿಗಳು.

"ಏ ಪಟ್ಟೆ, ಏಳೇ. ಹಳ್ಳಕ್ಕೆ ಬಾ. ಎಲ್ಲಿ ಅಗೀಬೇಕು ಹೇಳು."

ಪಟ್ಟೆ ಎದ್ದು ನಿಂತಳು. "ಮರಳಿನ ಕೆಳಗೆ ನೀರಿದೆ."

"ಅದು ನನಗೂ ಗೊತ್ತು ಕಣೇ. ಎಲ್ಲಿ?"

ಪಟ್ಟೆ ಮಾಸ್ತರರ ಮುಖ ನೋಡಿದಳು. ಸಾಲಿನ ಮುಖ ನೋಡಿದಳು. "ಅದು ಪಾಠದಲ್ಲಿ ಇಲ್ಲ ಅಜ್ಜಿ" ಎಂದು ಕೂತುಬಿಟ್ಟಳು.

ತುಂಗಜ್ಜಿಗೆ ನೆತ್ತಿಗೇರಿತು. "ಎಲ್ಲರೂ ಬನ್ನಿ ಇಲ್ಲಿ!" ಎಂದು ಕೂಗಿದಳು. ಇಡೀ ಕೂಡುಬಂಡೆ ಬಂದು ಸುತ್ತ ನಿಂತಿತು. "ಕೆಂಚರಾಯರೇ, ಯುಗಾದಿಗೆ ಮೊದಲಿಂದ ನೀರು ನೀರು ಅಂತ ಬಡ್ಕೋತಾ ಇದೀರಲ್ಲ. ತೋರಿಸಿ ನೋಡೋಣ."

ಬೇರೆ ಯಾರಾದರೂ ಆಗಿದ್ದರೆ ಬೆವರುತ್ತಿದ್ದರು. ಕೆಂಚರಾಯ ಬಾಲ ನೇವರಿಸಿಕೊಂಡ. ಅವನಿಗೊಂದು ಗುಟ್ಟು ಗೊತ್ತಿತ್ತು. ಹಳ್ಳದ ತಿರುವಿನಾಚೆ ಒಂದು ಮಡುವಿತ್ತು. ಪ್ರತಿ ವರ್ಷ ಶಿವರಾತ್ರಿಯ ಹೊತ್ತಿಗೇ ಅದು ಬತ್ತುತ್ತಿತ್ತು. ಆದ್ದರಿಂದ ದೊಡ್ಡವರು ಯಾರೂ ಆ ಕಡೆ ತಲೆ ಹಾಕಿರಲಿಲ್ಲ. ಈ ವರ್ಷ ಮಡುವಿನ ಬಾಯಿಗೆ ಒಂದು ಮರ ಅಡ್ಡ ಬಿದ್ದು ನೀರು ಸ್ವಲ್ಪ ನಿಂತಿತ್ತು. "ಅಲ್ಲಿ ಏನಿದೆ?" ಎಂದು ಕೇಳಿ ಎಳೆದುಕೊಂಡು ಹೋಗುವ ಮರಿಗಳು ಸಾಲಿನಲ್ಲಿ ಕೂತಿದ್ದವು. ಕೆಂಚರಾಯ ಮಾತ್ರ ದಿನವೂ ಬಿದ್ದ ಮರದ ಮೇಲೆ ತೆವಳಿಕೊಂಡು ಹೋಗಿ ಹೊಟ್ಟೆತುಂಬ ಕುಡಿದು ಬರುತ್ತಿದ್ದ. ಕೂಡುಬಂಡೆ ನೀರಿಗೆ ಬಾಯಿಬಿಡುವಾಗಲೂ ಮೀಸೆ ಒರೆಸಿಕೊಂಡು ಸುಮ್ಮನಿದ್ದ.

"ತೋರಿಸ್ತೀನಿ" ಎಂದ ಅವನು. "ಆದರೆ ತೋರಿಸಿದ ಮೇಲೆ ಕೂಡುಬಂಡೆಗೆ ನಾನೇ ಯಜಮಾನ. ನಿಮ್ಮ ಹಳೇ ಕಟ್ಟಳೆ ಹೋಯ್ತು. ನಾನು ಹೇಳಿದ್ದೇ ಕಟ್ಟಳೆ. ಸರಿಯೇ?"

"ಸರಿಯೇ!" ಎಂದವು ಮರಿಗಳು. ದೊಡ್ಡವರು ಬಾಯಾರಿದ್ದರು. ಅವರೂ ತಲೆ ಆಡಿಸಿದರು.

"ಮಕ್ಕಳು ಮಾತ್ರ ನನ್ನ ಜೊತೆ ಬರಲಿ. ಇದು ಪಾಠ. ನೀವು ಹಳ್ಳದಂಚಿನ ಆ ಹೊಳೆಮತ್ತಿ ಮರದ ಕೆಳಗೆ ಕೂತಿರಿ. ಕರೆದಾಗ ಬನ್ನಿ."

ಕೆಂಚರಾಯ ಬಾಲ ಎತ್ತಿ ಮುಂದೆ ನಡೆದ. ಅವನ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಾ ಪಟ್ಟೆ, ಅವಳ ಹಿಂದೆ ಉಳಿದ ಮರಿಗಳು. ಸಾಲು ತಿರುವಿನಲ್ಲಿ ಮರೆಯಾಯಿತು. ಎಲ್ಲರ ಹಿಂದೆ, ಯಾರೂ ಕರೆಯದೆ ಚಿಪ್ಪಜ್ಜ ತೆವಳುತ್ತಾ ಹೊರಟಿದ್ದ.

ದೊಡ್ಡವರು ನೆರಳಿನಲ್ಲಿ ಕೂತು ಕಾದರು. ಸ್ವಲ್ಪ ಹೊತ್ತಿಗೆ ತಿರುವಿನಾಚೆಯಿಂದ ಕೆಂಚರಾಯನ ದನಿ ಕೇಳಿಸಿತು.

"ಅಯ್ಯೋ! ಮುಳುಗಿದೆ!"

ಕೂಡಲೇ ಮರಿಗಳ ದನಿ. "ಅಯ್ಯೋ! ಮುಳುಗಿದೆ!"

"ಪಾಠ ಜೋರಾಗಿ ನಡೀತಿದೆ" ಎಂದು ಬೊಟ್ಟಮ್ಮ ಹೆಮ್ಮೆಯಿಂದ ಕಿವಿ ನಿಮಿರಿಸಿದಳು.

"ಕಾಪಾಡಿ! ಯಾರನ್ನಾದರೂ ಕರೀರಿ!"

"ಕಾಪಾಡಿ! ಯಾರನ್ನಾದರೂ ಕರೀರಿ!"

"ಎಷ್ಟು ಸ್ಪಷ್ಟವಾಗಿ ಹೇಳ್ತವೆ ನೋಡಿ. ಮುಂಚೆ ನಮ್ಮ ಹುಡುಗಿಗೆ ಮಾತು ತೊದಲುತ್ತಿತ್ತು" ಎಂದಳು ಬೊಟ್ಟಮ್ಮ.

"ನಿನ್ನ ಹುಡುಗಿಯ ಸುದ್ದಿ ಸಾಕು ಮಾಡ್ತೀಯ?" ಎಂದು ತುಂಗಜ್ಜಿ ಕಣ್ಣು ಮುಚ್ಚಿದಳು. ಈ ಕೂಗಾಟ ಕೇಳಿ ಕೇಳಿ ಅವಳಿಗೆ ರೋಸಿಹೋಗಿತ್ತು.

"ಕತ್ತೆಗಳಾ! ನನ್ನ ಹಾಗೆ ಕೂಗಬೇಡಿ! ಓಡಿ!"

"ಕತ್ತೆಗಳಾ! ನನ್ನ ಹಾಗೆ ಕೂಗಬೇಡಿ! ಓಡಿ!"

ಆಗ ಆ ಗದ್ದಲದ ನಡುವೆ ಒಂದು ಸಣ್ಣ ದನಿ ಬೇರೆಯಾಗಿ ಕೇಳಿಸಿತು. "ಅಜ್ಜೀ, ನೆಲ ಯಾಕೆ ಅಲ್ಲಾಡ್ತಿದೆ?"

ತುಂಗಜ್ಜಿ ಕಣ್ಣು ಬಿಟ್ಟಳು. ಅದು ಪ್ರಶ್ನೆ. ಪಾಠದಲ್ಲಿ ಪ್ರಶ್ನೆ ಇಲ್ಲ. ಪಟ್ಟೆ ಪ್ರಶ್ನೆ ಕೇಳಿದ್ದಾಳೆ ಎಂದರೆ ಅಲ್ಲಿ ಪಾಠ ನಡೆಯುತ್ತಿಲ್ಲ.

"ಏಳಿ, ಏಳಿ! ಅದು ಪಾಠ ಅಲ್ಲ!" ಎನ್ನುತ್ತಲೇ ಅವಳು ಓಡಿದಳು.

ಮಡುವಿನ ನೀರು ನಡುವಿಗೆ ಸರಿದಿತ್ತು. ಸುತ್ತಲೂ ಕೆಸರು. ಕೆಸರಿನ ಮೇಲೆ ಒಣಗಿದ ಹೆಪ್ಪಿನ ಪದರ ಗಟ್ಟಿ ನೆಲದಂತೆ ಕಾಣುತ್ತಿತ್ತು. ದಿನವೂ ಮರದ ಮೇಲೆ ತೆವಳುತ್ತಿದ್ದ ಕೆಂಚರಾಯನಿಗೆ ಇಂದು ಶಿಷ್ಯರ ಮುಂದೆ ತೆವಳಲು ನಾಚಿಕೆಯಾಗಿತ್ತು. ತಲೆಯೆತ್ತಿ ನೇರವಾಗಿ ಹೆಪ್ಪಿನ ಮೇಲೆ ನಡೆದಿದ್ದ. ಈಗ ಎದೆಯವರೆಗೆ ಹೂತಿದ್ದ. ಅವನ ಹೆಜ್ಜೆಯ ಮೇಲೇ ಹೆಜ್ಜೆ ಇಟ್ಟ ಪಟ್ಟೆ ಹೊಟ್ಟೆಯವರೆಗೆ ಹೂತಿದ್ದಳು. ಮಿಕ್ಕ ಮರಿಗಳು ಹೆಪ್ಪಿನ ಅಂಚಿನಲ್ಲಿ ಸಾಲಾಗಿ ನಿಂತು ಮಾಸ್ತರರು ಹೇಳಿದ್ದನ್ನು ಹೇಳುತ್ತಿದ್ದವು. ಅವುಗಳೂ ಒಳಗೆ ಹೋಗುತ್ತಿದ್ದವೇನೋ. ಆದರೆ ಮುಂದಿನ ಮೊಲದ ಮರಿಯ ಕಾಲಿಗೆ ಅಡ್ಡಲಾಗಿ ಚಿಪ್ಪಜ್ಜ ಬಂದು ಕಲ್ಲಿನಂತೆ ಕೂತುಬಿಟ್ಟಿದ್ದ.

"ತುಂಗಜ್ಜೀ, ನನ್ನ ಕೈ ಹಿಡಿ!" ಎಂದು ಕೆಂಚರಾಯ ಅತ್ತ.

"ತುಂಗಜ್ಜೀ, ನನ್ನ ಕೈ ಹಿಡಿ!" ಎಂದವು ಮರಿಗಳು.

"ಬಾಯಿ ಮುಚ್ರೋ!" ಎಂದು ತುಂಗಜ್ಜಿ ಗುಡುಗಿದಳು. ಮರಿಗಳು ಬೆಚ್ಚಿ ಸುಮ್ಮನಾದವು.

ಕೆಸರಿನ ವಿಚಾರ ಹಂದಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತುಂಗಜ್ಜಿ ಬಿದ್ದ ಮರದ ಮೇಲೆ ಹತ್ತಿ ಪಟ್ಟೆಯ ಸಮೀಪಕ್ಕೆ ಹೋದಳು. "ಕಾಲು ಬಡೀಬೇಡ. ಹೊಟ್ಟೆ ಮೇಲೆ ಮಲಕ್ಕೋ."

"ಯಾಕಜ್ಜೀ?"

ತುಂಗಜ್ಜಿಯ ಬಾಯಿಗೆ ಹಳೆಯ ಮಾತು ಬಂದಿತ್ತು. ಅದನ್ನು ನುಂಗಿಕೊಂಡಳು. "ನಿಂತ್ರೆ ಕಾಲು ಮುಳ್ಳಿನ ಹಾಗೆ ಒಳಗಿಳಿಯುತ್ತೆ. ಮಲಗಿದ್ರೆ ಎಲೆಯ ಹಾಗೆ ಮೇಲೇ ಇರ್ತೀಯ. ಈಗ ಮೂತಿ ಈ ಕಡೆ ಮಾಡು ಮಗಾ."

ಪಟ್ಟೆ ಮಲಗಿದಳು. ತುಂಗಜ್ಜಿ ಅವಳ ಕಿವಿಯನ್ನು ಹಲ್ಲಿನಲ್ಲಿ ಹಿಡಿದು ಎಳೆದಳು. ಮರಿ ಪಚಕ್ಕನೆ ಮೇಲೆ ಬಂತು. ಮುಸುವಗಳು ಅವಳನ್ನು ದಡಕ್ಕೆ ಎತ್ತಿಕೊಂಡವು. ಆಮೇಲೆ ಎಲ್ಲರೂ ಸೇರಿ ಕೆಂಚರಾಯನನ್ನು ಎಳೆದರು. ಅಷ್ಟರಲ್ಲಿ ಅವನ ಕೈಕಾಲು ಪೂರ್ತಿ ಹೂತಿದ್ದವು, ಹೊರಗೆ ಉಳಿದು ಹಿಡಿತಕ್ಕೆ ಸಿಗುತ್ತಿದ್ದದ್ದು ಬಾಲವೊಂದೇ. ಅವನು ಬೇಡ ಬೇಡ ಎಂದ. ಬೇರೆ ದಾರಿ ಇರಲಿಲ್ಲ. ಎಳೆದಾಗ ಕೆಂಚರಾಯ ಬಂದ. ಬಾಲದ ಕೂದಲೂ ಚರ್ಮವೂ ಮುಸುವನ ಕೈಯಲ್ಲಿ ಉಳಿದವು.

ಅದೇ ಎಳೆತಕ್ಕೆ ಬಿದ್ದ ಮರ ಉರುಳಿತು. ತುಂಗಜ್ಜಿಯ ಬಲ ಮುಂಗಾಲು ಅದರಡಿಗೆ ಸಿಕ್ಕಿತು. ಮರ ಸರಿದ ಕಂಡಿಯಿಂದ ಮಡುವಿನ ನೀರೆಲ್ಲ ಗಳಗಳನೆ ಹರಿದು, ಬಾಯಾರಿದ ಮರಳಿಗೆ ಇಂಗಿಹೋಯಿತು. ಒಬ್ಬರ ನಾಲಿಗೆಗೂ ತಾಗಲಿಲ್ಲ.

ಕಾಲು ಬಿಡಿಸಿಕೊಂಡು ತುಂಗಜ್ಜಿ ದಡದಲ್ಲಿ ಕೂತಳು. ಪಟ್ಟೆಯ ಮೈಗೆ ಮೆತ್ತಿದ ಕೆಸರನ್ನು ಮೂತಿಯಿಂದ ಒರೆಸತೊಡಗಿದಳು. ಒರೆಸುತ್ತಾ ಒರೆಸುತ್ತಾ ನಿಂತುಬಿಟ್ಟಳು. ಹಳದಿ ಪಟ್ಟೆಗಳು ಇರಲಿಲ್ಲ. ಕೆಸರು ಮುಚ್ಚಿದೆಯೇನೋ ಎಂದು ಇನ್ನೂ ಒರೆಸಿದಳು. ಇರಲಿಲ್ಲ. ಮರಿ ಬೆಳೆದಿತ್ತು. ಪಟ್ಟೆ ಮಾಸುವ ವಯಸ್ಸೆಲ್ಲ ಸಾಲಿನಲ್ಲಿ ಕೂತು ಕಳೆದಿತ್ತು. ಎಂದು ಮಾಸಿತೆಂದು ಅಜ್ಜಿ ನೋಡಿರಲೂ ಇಲ್ಲ.

"ಅಜ್ಜೀ" ಎಂದಳು ಪಟ್ಟೆ. ಒಮ್ಮೆ ಕೆಂಚರಾಯನ ಕಡೆ ಹೆದರಿ ನೋಡಿದಳು. ಅವನು ತನ್ನ ಬಾಲದ ಕಡೆ ನೋಡುತ್ತಿದ್ದ. "ಅಜ್ಜೀ, ಈ ಏಡಿಗಳು ಎಲ್ಲಿಗೆ ಹೋಗ್ತಿವೆ?"

ಮಡು ಬರಿದಾದದ್ದರಿಂದ ಏಡಿಗಳು ಕೆಸರಿನಿಂದ ಎದ್ದು ಒಂದರ ಹಿಂದೊಂದು ಮರಳಿನ ಕಡೆ ಹೊರಟಿದ್ದವು. ತುಂಗಜ್ಜಿಯ ಕಾಲು ಜುಮುಗುಟ್ಟುತ್ತಿತ್ತು. ಗಂಟಲು ಒಣಗಿತ್ತು. ಏಡಿಗಳು ಎಲ್ಲಿಗಾದರೂ ಹಾಳಾಗಿ ಹೋಗಲಿ ಎನ್ನುವಷ್ಟು ಸಿಟ್ಟಿತ್ತು. ಆದರೂ ಎದ್ದಳು.

"ಗೊತ್ತಿಲ್ಲ. ನೋಡೋಣ ಬಾ."

ಪಟ್ಟೆ ಮುಂದೆ, ಕುಂಟುತ್ತಾ ಅಜ್ಜಿ ಹಿಂದೆ. ಏಡಿಗಳು ತಿರುವು ದಾಟಿ, ಹೊಳೆಮತ್ತಿಯ ಬೇರು ಮರಳಿಗೆ ಇಳಿಯುವ ಕಡೆ ಒಂದೊಂದಾಗಿ ಒಳಗಿಳಿದವು. ದೊಡ್ಡವರೆಲ್ಲ ಬೆಳಗ್ಗೆ ಕಾಯುತ್ತಾ ಕೂತಿದ್ದ ಜಾಗ ಅದೇ. ಪಟ್ಟೆ ಅಗೆದಳು. ದಣಿದಾಗ ಮೊಲದ ಮರಿಗಳು ಮರಳು ಎಳೆದು ಹಾಕಿದವು. ಸಂಜೆಯ ಹೊತ್ತಿಗೆ ಗುಂಡಿಯ ತಳ ಕಪ್ಪಾಯಿತು. ಆಮೇಲೆ ಹೊಳೆಯಿತು. ನೀರು ಒಸರಿತು.

ಮೊದಲು ಮರಿಗಳು ಕುಡಿದವು. ತುಂಗಜ್ಜಿ ಈ ಸಲ ದೂರ ನಿಂತು ಬಾಲ ಕೊಡವಲಿಲ್ಲ. ಸಾಲಿನಲ್ಲಿ ಬಂದು ಕುಡಿದಳು.

ಕೆಂಚರಾಯನೂ ಕುಡಿದ. ಕುಡಿದವನು ಹೊರಡಲು ನೋಡಿದ. ತುಂಗಜ್ಜಿ ಅಡ್ಡ ನಿಂತಳು. "ಎಲ್ಲಿಗೆ ಮಾಸ್ತರೇ? ಮಳೆ ಬರೋವರೆಗೂ ಇಲ್ಲೇ ಇರಿ. ನಮ್ಮ ನೀರು ಕುಡಿದಿದ್ದೀರಿ. ನಮ್ಮ ಕಟ್ಟಳೆ ಗೊತ್ತಲ್ಲ? ಮರಿಗಳು ಏನು ಕೇಳಿದರೂ ಉತ್ತರ ಕೊ‌ಡಬೇಕು."

ಮರಿಗಳು ಆಗಲೇ ಅವನ ಸುತ್ತ ಕೂತಿದ್ದವು. "ಮಾಸ್ತರೇ, ನಿಮ್ಮ ಬಾಲಕ್ಕೆ ಏನಾಯ್ತು?"

ಅವನು ಒಂದು ಮರಿಗೆ ಹೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. "ಮರದ ಮೇಲೆ ಯಾಕೆ ಹೋಗಲಿಲ್ಲ?" "ಅಲ್ಲಿ ನೀರಿದೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?" "ಗೊತ್ತಿದ್ರೆ ನಮಗೆ ಯಾಕೆ ಹೇಳಲಿಲ್ಲ?" ಆ ಕೊನೆಯ ಪ್ರಶ್ನೆಗೆ ಅವನು ಬೆಳಗ್ಗೆಯಿಂದ ಸಂಜೆಯವರೆಗೂ ಉತ್ತರ ಹುಡುಕುತ್ತಿದ್ದ. ಚಿಪ್ಪಜ್ಜ ಮುಂದಿನ ಸಾಲಿನಲ್ಲೇ ಕೂತು ಕಾಯುತ್ತಿದ್ದ. "ಅವಸರ ಏನಿಲ್ಲ" ಎನ್ನುತ್ತಿದ್ದ. ಮೊದಲ ಮಳೆ ಬಿದ್ದ ಬೆಳಿಗ್ಗೆ ನೋಡಿದರೆ ಕೆಂಚರಾಯ ಇರಲಿಲ್ಲ.

ಇಷ್ಟಕ್ಕೆಲ್ಲ ತೆತ್ತದ್ದು ಇದು. ನರಿಯ ಬಾಲ ಹೋಯಿತು, ಅದಕ್ಕೆ ಯಾರೂ ಅಳಲಿಲ್ಲ. ತುಂಗಜ್ಜಿಯ ಬಲ ಮುಂಗಾಲು ಮತ್ತೆ ನೆಟ್ಟಗಾಗಲಿಲ್ಲ. ಅವಳು ಸಾಯುವವರೆಗೂ ಕುಂಟಿದಳು. ಒಂದು ಮಡುವಿನ ನೀರು ಯಾರ ಬಾಯಿಗೂ ಇಲ್ಲದೆ ಹೋಯಿತು. ನವಿಲಿನ ಸಂಸಾರ ಹಿಂದಿರುಗಲಿಲ್ಲ. ಅವರಿಗೆ ಹೊಳೆ ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಚಿಪ್ಪಜ್ಜನಿಗೆ ಹಕ್ಕಿಗಳ ಕೂಗು ಕಲಿಸುವವರು ಇಲ್ಲವಾದರು. ಪಟ್ಟೆ ಒರತೆ ಹುಡುಕಲು ಕಲಿತಳು. ಆದರೆ ಮೈಮೇಲೆ ಪಟ್ಟೆಯಿದ್ದಾಗ ಕಲಿಯಬೇಕಾದದ್ದನ್ನು ಪಟ್ಟೆ ಮಾಸಿದ ಮೇಲೆ ಮೊದಲಿನಿಂದ ಕಲಿತಳು.

ನೀತಿ: ಮಕ್ಕಳ ಪ್ರಶ್ನೆ ಎಷ್ಟೇ ಬೇಸರ ತಂದರೂ ನಿಂತು ಉತ್ತರ ಕೊಡಬೇಕು, ಅವರ ಬಾಯಿ ಮುಚ್ಚಿಸಿದವರು ತಮ್ಮ ಕಣ್ಣನ್ನೂ ಮುಚ್ಚಿಕೊಂಡಂತೆ.